ಮೋಸದ ಲೆಕ್ಕ ಬರೆದಿಡಲು ಹೊರಟಾಗ

ಹುಬ್ಬಳ್ಳಿಯಲ್ಲಿ ಅಂಗಡಿಗಳ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ದುರ್ಗದಬೈಲ್ ಸುತ್ತಮುತ್ತಲಿನ ಅಂಗಡಿಗಳು, ಅಮರಗೋಳ ಎಪಿಎಂಸಿಯ ಕೆಲವು ದಲಾಲಿ ಅಂಗಡಿಗಳು, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳು, ಗದಗಿನ ಮುದ್ರಣ ಪ್ರೆಸ್‌ನವರು ನನ್ನ ಹತ್ತಿರ ಬರುತ್ತಾರೆ. ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡುವಾಗ ಎಲ್ಲೋ ಒಂದು ಕಡೆ ರೊಕ್ಕ ಕೂಡುತ್ತಿರಲಿಲ್ಲ. ಕೇಳಿದರೆ ಮೊದಲು ಸುಮ್ನಿರುತ್ತಿದ್ದರು, ಆಮೇಲೆ ಮೆಲ್ಲಗೆ "ಅದೊಂದ್ ಚೆಕ್ ಮೋಸ ಆತ್ರಿ, ಬಿಡ್ರಿ" ಅನ್ನುತ್ತಿದ್ದರು. ಪಕ್ಕದ ಅಂಗಡಿಯವರಿಗೂ ಅದೇ ತರಹ ಆಗಿರುತ್ತಿತ್ತು, ಆದರೆ ಒಬ್ಬರದು ಇನ್ನೊಬ್ಬರಿಗೆ ಗೊತ್ತೇ ಇರುತ್ತಿರಲಿಲ್ಲ. ಅದಕ್ಕೇ ಒಂದು ಪಟ್ಟಿ ಶುರು ಮಾಡಿದೆ.

ಮೊದಲ ತೊಂದರೆ, ಯಾವುದನ್ನು ಮೋಸ ಅನ್ನಬೇಕು ಎಂಬುದು. ಎಲ್ಲರೂ ಮೊದಲು ಹೇಳುವುದು ಚೆಕ್ ಬೌನ್ಸ್ ಕಥೆ. ಖಾತೆಯಲ್ಲಿ ಹಣವಿಲ್ಲದೆ ಚೆಕ್ ವಾಪಸ್ ಬಂದರೆ ಅದಕ್ಕೆ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಇದೆ, ಅದು ಬಾಕಿ ವಸೂಲಿಯ ಜಗಳ. ಅದನ್ನೂ ಸೇರಿಸಿದ್ದರೆ ನನ್ನ ಪಟ್ಟಿಯಲ್ಲಿ ಬೇರೇನೂ ಕಾಣುತ್ತಲೇ ಇರಲಿಲ್ಲ. ಹಾಗಾಗಿ ಚೆಕ್‌ನಲ್ಲಿ ಮೂರೇ ಬಗೆ ಇಟ್ಟುಕೊಂಡೆ: ಮೊತ್ತ ಅಥವಾ ಹೆಸರು ತಿದ್ದಿದ್ದು, ಕದ್ದ ಹಾಳೆಗೆ ಖೋಟಾ ಸಹಿ ಹಾಕಿದ್ದು, ಚೆಕ್ಕನ್ನೇ ನಕಲು ಮಾಡಿದ್ದು.

ಕಾರ್ಡ್ ಮೋಸದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಒಂದೇ ಪ್ರಶ್ನೆ. ಓಟಿಪಿ ಅಥವಾ ಪಿನ್ ನೀವೇ ಹೇಳಿದಿರಾ, ಇಲ್ಲಾ ಏನೂ ಹೇಳದೆ ಹಣ ಹೋಯಿತಾ? ಇದು ಬರೀ ಕುತೂಹಲದ ಪ್ರಶ್ನೆ ಅಲ್ಲ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಪ್ರಕಾರ ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಅಂದಾಗ, ಬ್ಯಾಂಕಿನ ಮೆಸೇಜ್ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. 4ರಿಂದ 7 ದಿನವಾದರೆ ಒಂದು ಮಿತಿಯವರೆಗೆ ನೀವು ಹೊರಬೇಕು. ನೀವೇ ಓಟಿಪಿ ಹೇಳಿದ್ದರೆ, ದೂರು ಕೊಡುವ ತನಕ ಹೋದದ್ದೆಲ್ಲ ನಿಮ್ಮದೇ. ಅದಕ್ಕೇ ನನ್ನ ಪಟ್ಟಿಯಲ್ಲಿ ಮೋಸವಾದ ದಿನ, ಗೊತ್ತಾದ ದಿನ, ಬ್ಯಾಂಕಿಗೋ ಸೈಬರ್ ಸಹಾಯವಾಣಿ 1930ಕ್ಕೋ ತಿಳಿಸಿದ ದಿನ ಮೂರಕ್ಕೂ ಬೇರೆ ಬೇರೆ ಮನೆ ಹಾಕಿದ್ದೇನೆ.

ಈ ಮೂರು ದಿನ ಬೇರೆ ಇಡುವುದನ್ನು ಕಲಿತದ್ದು ರಿಸರ್ವ್ ಬ್ಯಾಂಕಿನ ವಾರ್ಷಿಕ ವರದಿ ಓದುವಾಗ. ಅಲ್ಲಿನ ಪಟ್ಟಿ ಮೋಸ ವರದಿಯಾದ ವರ್ಷದ ಲೆಕ್ಕ, ನಡೆದ ವರ್ಷದ್ದಲ್ಲ. ಜೊತೆಗೆ ಅದು 1 ಲಕ್ಷ ಮತ್ತು ಅದಕ್ಕಿಂತ ದೊಡ್ಡ ಪ್ರಕರಣಗಳದ್ದು ಮಾತ್ರ. ಅಂದರೆ ನಮ್ಮ ಅಂಗಡಿಯವರು ಕಳೆದುಕೊಳ್ಳುವ 20 ಸಾವಿರ, 40 ಸಾವಿರ ಅಲ್ಲಿ ಬರುವುದೇ ಇಲ್ಲ. 2023-24ರ ವರದಿಯಲ್ಲಿ ಒಟ್ಟು 36,075 ಪ್ರಕರಣಗಳಲ್ಲಿ 29,082 ಕಾರ್ಡ್ ಮತ್ತು ಇಂಟರ್ನೆಟ್‌ನವು, ಆದರೆ ಒಟ್ಟು 13,930 ಕೋಟಿಯಲ್ಲಿ ಅವುಗಳ ಪಾಲು 1,457 ಕೋಟಿ ಮಾತ್ರ. ಸಂಖ್ಯೆ ಒಂದು ಕಥೆ ಹೇಳುತ್ತದೆ, ಮೊತ್ತ ಇನ್ನೊಂದು. ಆವತ್ತಿನಿಂದ ನಾನು ಎರಡನ್ನೂ ಅಕ್ಕಪಕ್ಕ ಬರೆಯುತ್ತೇನೆ. ಮೊತ್ತದಲ್ಲೂ ಎಳೆಯಲು ನೋಡಿದ್ದೆಷ್ಟು, ಹೋದದ್ದೆಷ್ಟು, ವಾಪಸ್ ಬಂದದ್ದೆಷ್ಟು ಅಂತ ಬಿಡಿಸುತ್ತೇನೆ. ತಪ್ಪಿಹೋದ ಮೋಸವನ್ನೂ ಬರೆಯಲೇಬೇಕು, ಏನು ಕೈ ಹಿಡಿಯಿತು ಅಂತ ಅದರಿಂದಲೇ ತಿಳಿಯುವುದು.

ಚೆಕ್‌ನಲ್ಲಿ ಕೈ ಹಿಡಿದದ್ದು ಪಾಸಿಟಿವ್ ಪೇ. 2021ರ ಜನವರಿ 1ರಿಂದ ಬಂದ ಈ ವ್ಯವಸ್ಥೆಯಲ್ಲಿ 50 ಸಾವಿರ ಮತ್ತು ಮೇಲಿನ ಚೆಕ್ ಬರೆದರೆ ಅದರ ನಂಬರ್, ತಾರೀಖು, ಹೆಸರು, ಮೊತ್ತ ಮೊದಲೇ ಬ್ಯಾಂಕಿಗೆ ತಿಳಿಸಬಹುದು. ಕ್ಲಿಯರಿಂಗ್‌ಗೆ ಬಂದ ಚೆಕ್ಕಿನ ಚಿತ್ರ ಅದಕ್ಕೆ ತಾಳೆಯಾಗದಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಬ್ಯಾಡಗಿಯ ಒಬ್ಬರು ಕೊಟ್ಟ ಚೆಕ್ಕಿನ ಮೊತ್ತ ತಿದ್ದಿದ್ದು ಹೀಗೇ ಸಿಕ್ಕಿತು.

ಪ್ರತಿ ಅಂಗಡಿಯಿಂದ ಚೆಕ್ ಪುಸ್ತಕದ ಕೌಂಟರ್‌ಫಾಯಿಲ್ ಕೇಳಿ ಎಷ್ಟು ಚೆಕ್ ಬರೆದಿದ್ದಾರೆ ಅಂತಲೂ ಎಣಿಸುತ್ತೇನೆ. ಬೇಸರದ ಕೆಲಸ, ಆದರೆ ಅದಿಲ್ಲದೆ ಮೋಸ ಜಾಸ್ತಿಯಾಯಿತಾ ಅಥವಾ ಚೆಕ್ ಬರೆಯುವುದೇ ಜಾಸ್ತಿಯಾಯಿತಾ ಅಂತ ಹೇಳಲು ಬರುವುದಿಲ್ಲ, ಅಲ್ವಾ?

ಇನ್ನು ಈ ಪಟ್ಟಿಯನ್ನು ಹಾಳೆಯಾಗಿ ಪ್ರಕಟಿಸುವುದು. ಇಲ್ಲೇ ನಾನು ದೊಡ್ಡ ತಪ್ಪು ಮಾಡಿದೆ. ಮೊದಲ ಹಾಳೆಯಲ್ಲಿ ಹೆಸರು ಹಾಕಿರಲಿಲ್ಲ, ಆದರೆ ಊರು, ಧಂದೆ, ಮೊತ್ತ ಮೂರೂ ಹಾಕಿದ್ದೆ. ಗದಗಿನ ಒಂದು ಪ್ರೆಸ್ ಅಂದರೆ ಯಾವುದು ಅಂತ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಯಿತು. ಅವರು ಫೋನ್ ಮಾಡಿ "ನಿಮ್ಮನ್ನ ನಂಬಿ ಹೇಳಿದ್ನೆಲ್ರೀ" ಅಂದರು. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಮನೆಗೆ ಹೋಗಿ ಕ್ಷಮೆ ಕೇಳಿದೆ, ಚಹಾ ಕೊಟ್ಟರು, ಆ ವಿಷಯ ಮಾತ್ರ ಮತ್ತೆ ಎತ್ತಲಿಲ್ಲ.

ಆಮೇಲಿಂದ ಒಂದು ಗುಂಪಿನಲ್ಲಿ ಐದಕ್ಕಿಂತ ಕಡಿಮೆ ಪ್ರಕರಣ ಇದ್ದರೆ ಅದನ್ನು ಬಿಡಿಯಾಗಿ ತೋರಿಸುವುದಿಲ್ಲ, ದೊಡ್ಡ ಗುಂಪಿಗೆ ಸೇರಿಸುತ್ತೇನೆ. ಊರಿನ ಹೆಸರು ಇಲ್ಲ, ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಮೂರೂ ಒಟ್ಟಿಗೆ. ಮೊತ್ತವನ್ನು ಸಾವಿರಕ್ಕೆ ದುಂಡಗೆ ಮಾಡುತ್ತೇನೆ. ಮೂರು ತಿಂಗಳಿಗೊಂದು ಹಾಳೆ, ಅದೂ ಕಡೆಯ ಪ್ರಕರಣಕ್ಕೆ ಒಂದೆರಡು ತಿಂಗಳು ಕಳೆದ ಮೇಲೆ. ಹೆಸರಿರುವ ಮೂಲ ಪುಸ್ತಕ ಕಪಾಟಿನಲ್ಲಿದೆ, ಕೀಲಿ ನನ್ನ ಹತ್ತಿರ. ಹೊಸಬರು ಮೋಸ ಹೇಳಿಕೊಳ್ಳಲು ಬಂದಾಗ ಮೊದಲು ಅಚ್ಚಾದ ಹಾಳೆ ಅವರ ಕೈಗೆ ಕೊಟ್ಟು, ಇದರಲ್ಲಿ ಯಾರಾದರೂ ಗುರುತು ಸಿಗುತ್ತಾರಾ ನೋಡಿ ಅನ್ನುತ್ತೇನೆ. ಓದಿ ಮುಗಿಸುವ ತನಕ ಪೆನ್ನು ಮುಟ್ಟುವುದಿಲ್ಲ.