ಹಲಗೆ ನೋಡಿ ಆರಿಸಿದ ತ್ರೀ ನಾಟ್ ತ್ರೀ: ಮರದ ಕೋವಿ ಮಾಡಿದ ನನ್ನ ಅನುಭವ

ಈ ಸಲ ಆಗಸ್ಟ್ 15ಕ್ಕೆ ಮಾಡಿಕೊಟ್ಟ ಹನ್ನೆರಡು ಕೋವಿನೂ ಮಳೇಲಿ ಎರಡು ಗಂಟೆ ನೆಂದು ವಾಪಸ್ ಬಂದ್ವು, ಒಂದೂ ಬಣ್ಣ ಬಿಟ್ಟಿಲ್ಲ, ಒಂದೂ ಸೀಳಿಲ್ಲ. ನಮ್ ಮಲೆನಾಡಿನ ಕೊಪ್ಪದ ಮಳೆ ಅಂದ್ರೆ ಎಂಥದ್ದು ಅಂತ ಗೊತ್ತಿದ್ದವ್ರಿಗೆ ಗೊತ್ತು. "ಚೊಗರು (ಅಡಿಕೆ ಬೇಯಿಸಿದ ನೀರು) ಬಳಿದ್ರೆ ನಿಲ್ಲಲ್ಲ ಮಾರಾಯ, ಸುಮ್ನೆ ಪೇಂಟ್ ಹೊಡಿ" ಅಂತ ಮೂರು ವರ್ಷದಿಂದ ನಗ್ತಿದ್ದವ್ರು ಓದ್ಲಿ ಅಂತಾನೇ ಬರೀತಿದೀನಿ.

ಸ್ತಬ್ಧಚಿತ್ರಕ್ಕೆ, ನಾಟಕಕ್ಕೆ ಬೇಕಾಗೋ ಮರದ ಕೋವಿ ಇದು. ನಳಿಗೆ ಜಾಗದಲ್ಲಿ ಗಟ್ಟಿ ಸರಳು ಇರೋದು, ತೂತೇ ಇಲ್ಲ. ಪೈಪ್ ಹಾಕೋರು ಇದಾರೆ, ನಾನಂತೂ ಹಾಕಲ್ಲ, ಬೇಡದ ತಲೆನೋವು.

ಶಾಲೆಯವ್ರು ಕೇಳಿದ್ದು 1962ರ ಯುದ್ಧದ ದೃಶ್ಯ. ಹುಡುಗ್ರಿಗೆ ಎಕೆ 47 ಬೇಕಂತೆ. ನಮ್ ಭಾವನೂ ಮರಗೆಲಸದವ್ರೇ, ಅವ್ರು ಯಾವುದೋ ನಾಟಕಕ್ಕೆ ಜರ್ಮನ್ ಮೌಸರ್ ಕೋವಿ ಮಾಡಿದ್ರು, ಅದನ್ನೇ ಮಾಡು ನೋಡೋಕೆ ಚಂದ ಅಂದ್ರು. 62ರಲ್ಲಿ ನಮ್ ಸೈನಿಕರ ಕೈಲಿ ಇದ್ದದ್ದು ತ್ರೀ ನಾಟ್ ತ್ರೀ, ಲೀ ಎನ್‌ಫೀಲ್ಡ್, ಇಂಗ್ಲಿಷರು 1907ರಲ್ಲಿ ಸೈನ್ಯಕ್ಕೆ ತಗೊಂಡ ಮಾಡೆಲ್ಲು, ಆಮೇಲೆ ಬಂಗಾಳದ ಇಶಾಪುರ ಕಾರ್ಖಾನೆಯಲ್ಲೂ ತಯಾರಾಯ್ತು. ಪೊಲೀಸರ ಹೆಗಲಲ್ಲಿ ನೀವೆಲ್ಲ ನೋಡಿರ್ತೀರಿ. ಆದ್ರೆ ನಾನು ಅದನ್ನ ಆರಿಸಿದ್ದು ಇತಿಹಾಸಕ್ಕಲ್ಲ, ಹಲಗೆ ಲೆಕ್ಕಕ್ಕೆ. ಮೌಸರ್ ಮರ ಹಿಂದಿನಿಂದ ಮುಂದಿನವರೆಗೆ ಒಂದೇ ತುಂಡು, ನಾಲ್ಕಡಿ ಹತ್ರ ಗಂಟಿಲ್ಲದ ಹಲಗೆ ಬೇಕು. ತ್ರೀ ನಾಟ್ ತ್ರೀಯಲ್ಲಿ ಬಟ್ (ಹೆಗಲಿಗೆ ಒತ್ತಿಕೊಳ್ಳೋ ಹಿಂದಿನ ಮರ) ಬೇರೆ, ಮುಂದಿನ ಮರ ಬೇರೆ, ನಡುವೆ ಕಬ್ಬಿಣದ ಬಾಡಿ. ಪೂರ್ತಿ ಉದ್ದ ಮೂರಡಿ ಎಂಟೂವರೆ ಇಂಚು ಇದ್ರೂ ಉದ್ದದ ತುಂಡು ಎರಡೂವರೆ ಅಡಿ ಚಿಲ್ಲರೆ ಸಾಕು, ಬಟ್ಟಿಗೆ ಕಟಿಂಗ್ ಪೀಸೇ ಆಗತ್ತೆ. ಇನ್ನೊಂದು, ಅದರ ಮೂತಿ ಹಂದಿ ಮೂತಿ ಥರ ಮೊಂಡು, ಮರ ತುದಿವರೆಗೂ ಬಂದು ನಳಿಗೆ ಚೂರೇ ಹೊರಗೆ ಕಾಣೋದು, ಹಾಗಾಗಿ ನಳಿಗೆ ಅಂತ ಉದ್ದಕ್ಕೆ ಮಾಡಿ ತೋರಿಸೋ ಕೆಲಸನೇ ಇಲ್ಲ. ಅದರಲ್ಲೂ 1916ರ ಹೊತ್ತಿಗೆ ಬಂದ ಸ್ಟಾರ್ ಮಾಡೆಲ್ಲಲ್ಲಿ ಪಕ್ಕದಲ್ಲಿದ್ದ, ದೂರಕ್ಕೆ ಗುರಿ ಇಡೋ ಸೈಟು ಗೀಟು ಎಲ್ಲ ತೆಗೆದುಬಿಟ್ಟಿದಾರೆ, ಯುದ್ಧದ ಅರ್ಜೆಂಟಿಗೆ. ಅವ್ರಿಗೆ ಖರ್ಚು ಉಳೀತು, ನನಗೂ ಉಳೀತು.

ಮೊದಲನೇ ವರ್ಷ ತೋಟದ ಸಿಲ್ವರ್ ಓಕ್, ಹಸಿ. ಬುದ್ಧಿ ಇಲ್ದೆ ಮಾಡಿದ್ದು. ಮೂರು ವಾರಕ್ಕೆ ಬಾಳೆಕಾಯಿ ಥರ ಬಗ್ಗಿತು, ನಾಲ್ಕರಲ್ಲಿ ಮೂರು ಕೋವಿ ಮ್ಯಾಗಜೀನ್ (ಗುಂಡು ತುಂಬೋ ಡಬ್ಬಿ) ಮುಂದೆ ಸೀಳ್ತು. ಆಮೇಲೆ ಗೊತ್ತಾಯ್ತು, ಅಸಲಿದೂ ಅಲ್ಲೇ ವೀಕು, ಇಶಾಪುರದವ್ರು ಅದೇ ಜಾಗದಲ್ಲಿ ಅಡ್ಡ ಒಂದು ಸ್ಕ್ರೂ ಹೊಡೀತಿದ್ರು. ನಾನೂ ಹೊಡೆದೆ, ಅಲ್ಲಿಂದೀಚೆ ಸೀಳಿದ್ದಿಲ್ಲ. ಮರನೂ ಬದಲಾಯಿಸಿದೆ, ಹಳೇ ಮನೆ ಕೆಡವಿದ ಹಲಸಿನ ಜಂತೆ, ಐವತ್ತು ವರ್ಷ ಅಡುಗೆಮನೆ ಹೊಗೇಲಿ ಒಣಗಿದ್ದು, ಅದು ಎಲ್ಲಿಗೆ ಬಗ್ಗತ್ತೆ.

ಎರಡನೇ ವರ್ಷದ್ದು ಮಾನ ಹೋದ ಕಥೆ. ಬಣ್ಣಕ್ಕೆ ಅಡಿಕೆ ಬೇಯಿಸಿದ ಚೊಗರು ಬಳಿದು ಒಂದು ಕೋಟ್ ಎಣ್ಣೆ ಕೊಟ್ಟು ಕಳಿಸಿದ್ದೆ, ನೋಡೋಕೆ ಥೇಟ್ ಮಿಲಿಟರಿ ಮಾಲು. ಧ್ವಜ ಹಾರಿಸೋ ಹೊತ್ತಿಗೆ ಮಳೆ ಬಂತು ನೋಡಿ, ಹದಿನಾರು ಹುಡುಗ್ರ ಬಿಳಿ ಅಂಗಿ ಹೆಗಲ ಮೇಲೆ ಕೆಂಪು ಕೆಂಪು. ಚೊಗರಿನ ಕಲೆ ಹೋಗತ್ತಾ? ಅಂಗಿಗೆ ಅಂತ ಮೂರು ಸಾವಿರ ಚಿಲ್ಲರೆ ನಾನೇ ಕೊಟ್ಟೆ, ಮೇಷ್ಟ್ರ ಬೈಗುಳ ಫ್ರೀ. ಮನೇಲಿ ಎರಡು ದಿನ ಮಾತಿಲ್ಲ.

ಆ ಮಳೆಗಾಲ ಪೂರ್ತಿ ಪ್ರಯೋಗನೇ. ಕಾಫಿ ಡಿಕಾಕ್ಷನ್ ಬಳಿದೆ, ವಾಸನೆ ಘಮ್ ಅಂತು, ಬಣ್ಣ ಹತ್ತಲಿಲ್ಲ. ಟೀ ಸ್ವಲ್ಪ ವಾಸಿ. ತುಕ್ಕು ಮೊಳೆನ ವಿನೆಗರ್‌ನಲ್ಲಿ ವಾರ ನೆನೆಸಿ ಆ ನೀರನ್ನ ಚೊಗರು ಬಳಿದ ಮರದ ಮೇಲೆ ಹಚ್ಚಿದ್ರೆ ಕಣ್ಮುಂದೆನೇ ಕಪ್ಪಗಾಗತ್ತೆ, ಈಗ ಕಬ್ಬಿಣದ ಭಾಗ ಅಂತ ತೋರಿಸೋದೆಲ್ಲ ಹಂಗೇ, ಕಪ್ಪು ಪೇಂಟ್ ಡಬ್ಬಿ ಖರ್ಚು ಹೋಯ್ತು. ಕಂದು ಬಣ್ಣ ನಿಲ್ಲಿಸಿದ್ದು ಮಾತ್ರ ಸುಣ್ಣದ ತಿಳಿ. ಎಲೆ ಅಡಿಕೆ ಹಾಕೋವಾಗ ಬಾಯಿ ಕೆಂಪಾಗಲ್ವಾ, ಅದೇ ಲೆಕ್ಕ. ಚೊಗರು ಮೊದಲಾ ಸುಣ್ಣ ಮೊದಲಾ, ನಡುವೆ ಎಷ್ಟು ಹೊತ್ತು ಬಿಡ್ಬೇಕು, ಅದನ್ನ ಇಲ್ಲಿ ಬರೆಯಲ್ಲ, ಮೂರು ಸಾವಿರ ಕೊಟ್ಟು ಕಲ್ತಿದ್ದು. ಮೇಲೆ ಅಗಸೆ ಎಣ್ಣೆ ಐದು ಕೋಟ್, ಒಂದೊಂದು ಕೋಟ್ ಮಧ್ಯೆ ಎರಡು ಮೂರು ದಿನ. ಹಾಂ, ಎಣ್ಣೆ ಒರೆಸಿದ ಬಟ್ಟೆನ ಮುದ್ದೆ ಮಾಡಿ ಬಿಸಾಡ್ಬೇಡಿ, ತಂತಾನೇ ಬಿಸಿಯಾಗಿ ಬೆಂಕಿ ಹತ್ತತ್ತೆ, ನಮ್ ಶೆಡ್ಡಲ್ಲಿ ಹೊಗೆ ಬಂದಾಗ್ಲೇ ನಾನು ನಂಬಿದ್ದು.

ಬೋಲ್ಟಿಗೆ, ಅಂದ್ರೆ ಒಂದೊಂದು ಗುಂಡಿಗೂ ಎಳೆದು ತಳ್ಳೋ ಹಿಡಿಗೆ, ಬಾಗಿಲಿನ ಟವರ್ ಬೋಲ್ಟ್. ಎತ್ತು, ಹಿಂದೆ ಎಳಿ, ಮುಂದೆ ತಳ್ಳು, ಇಳಿಸು, ಸೌಂಡೂ ಹಂಗೇ ಬರತ್ತೆ. 1914ರ ಇಂಗ್ಲಿಷ್ ಸೈನಿಕರು ನಿಮಿಷಕ್ಕೆ ಹದಿನೈದು ಗುಂಡು ಗುರಿ ಇಟ್ಟು ಹೊಡೀತಿದ್ರು ಅಂತ ಬಾಯ್ತಪ್ಪಿ ಹುಡುಗ್ರ ಹತ್ರ ಹೇಳಿಬಿಟ್ಟೆ, ರಿಹರ್ಸಲ್‌ನಲ್ಲಿ ಅದೇ ಆಟ ಆಗಿ ನಾಲ್ಕು ಬೋಲ್ಟು ಕಿತ್ತು ಬಂದ್ವು. ಈಗ ಸ್ಕ್ರೂ ಅಲ್ಲ, ನಟ್ಟು.

ನಮ್ ಕೇರಿಲಿ ಒಬ್ರು ರಿಟೈರ್ಡ್ ಹೆಡ್ ಕಾನ್‌ಸ್ಟೇಬಲ್ ಇದಾರೆ, ವರ್ಷಗಟ್ಟಲೆ ಇದನ್ನ ಹೊತ್ತವ್ರು. ಕೈಗೆ ತಗೊಂಡ ಕೂಡ್ಲೆ "ಇದೆಂತ ಮಾರಾಯ, ಪೊರಕೆನಾ" ಅಂದ್ರು. ಅಸಲಿದು ನಾಲ್ಕು ಕೆಜಿ ಹತ್ರ, ನನ್ದು ಎರಡೂ ಇರ್ಲಿಲ್ಲ. ಒಳಗೆ ಎರಡಡಿ 16 ಎಂಎಂ ಸರಳು ಕೂರಿಸಿದೆ, ಒಂದು ಕೆಜಿ ಜಾಸ್ತಿ ಆಯ್ತು. ಅಸಲಿ ಬಟ್ಟಲ್ಲಿ ಎಣ್ಣೆ ಬಾಟ್ಲಿ ಇಡೋಕೆ ತೂತಿರತ್ತೆ, ನಾನೂ ಕೊರೆದು ಮೊದ್ಲು ಮರಳು ತುಂಬಿದೆ, ಗಿಲಕಿ ಥರ ಸದ್ದು. ಆಮೇಲೆ ಮೀನು ಬಲೆಯ ಸೀಸದ ಗುಂಡು ಅಂಟಲ್ಲಿ ಕೂರಿಸಿ ಮೂರೂವರೆಗೆ ತಂದೆ. ಬಟ್ಟಿನ ತಗಡು ಹಳೇ ಹಿತ್ತಾಳೆ ಹಂಡೆದು. ಸೈನ್ಯದಲ್ಲಿ ಆಳಿನ ಎತ್ತರಕ್ಕೆ ತಕ್ಕಂಗೆ ಗಿಡ್ಡ ಬಟ್ಟು ಉದ್ದ ಬಟ್ಟು ಬರ್ತಿದ್ವು, ಎಂಟನೇ ಕ್ಲಾಸಿನವ್ರಿಗೆ ನಾನೂ ಗಿಡ್ಡದು ಹಾಕಿಕೊಟ್ಟೆ.

ದುಡ್ಡು: ಮೊದಲೆರಡು ವರ್ಷ ಅಂಗಿ ಸೇರಿ ಹತ್ತು ಹನ್ನೊಂದು ಸಾವಿರ ನೀರಲ್ಲಿ ಹೋಯ್ತು. ಈಗ ಒಂದಕ್ಕೆ ಸಾವಿರದ ನೂರು ಬೀಳತ್ತೆ, ನನ್ ಕೂಲಿ ಬಿಟ್ಟು. ಹದಿನೆಂಟು ನೂರಕ್ಕೆ ಕೊಡ್ತೀನಿ. ಒಂದು ನಾಟಕ ತಂಡದವ್ರು ನಾಲ್ಕು ಒಯ್ದು ಅರ್ಧ ದುಡ್ಡು ಇನ್ನೂ ಬಾಕಿ ಇಟ್ಟಿದಾರೆ, ಫೋನ್ ಎತ್ತಲ್ಲ.

ಭಾವ ಮೊನ್ನೆ ಬಂದಿದ್ರು. ಕೋವಿ ತಗೊಂಡು, ಒದ್ದೆ ಕೈಲಿ ಬಟ್ಟನ್ನ ಗಸಗಸ ಉಜ್ಜಿ, ಅಂಗೈ ನೋಡ್ಕೊಂಡ್ರು. ಏನೂ ಹೇಳ್ಲಿಲ್ಲ. ಹೋಗೋವಾಗ ಸುಣ್ಣ ಯಾವ ಅಂಗಡೀದು ಅಂತ ಕೇಳಿದ್ರು.