ರಾಯಚೂರಿನ ಬಿಸಿಲಲ್ಲಿ ಲಾನ್ ಉಳಿದದ್ದು ಹೀಗೆ

ಮಾರ್ಚ್ ಬಂದರೆ ಸಾಕು, ಮನೆ ಮುಂದಿನ ಲಾನ್ ಒಣಗುತ್ತಿತ್ತು. ದಿನಾ ಸಂಜೆ ಪೈಪ್ ಹಿಡಿದರೂ ಅಷ್ಟೇ. ಗುದ್ದಲಿಯಿಂದ ಅಗೆದು ನೋಡಿದಾಗ ಕಾರಣ ಸಿಕ್ಕಿತು. ಮೇಲೆ ಒಂದಿಂಚು ಮಾತ್ರ ಹಸಿ, ಕೆಳಗೆ ಕಲ್ಲಿನಂತೆ ಗಟ್ಟಿ ಎರೆಮಣ್ಣು. ಬೇರೂ ಮೇಲೇ ನಿಂತಿತ್ತು.

ಎರೆಮಣ್ಣು ಒಣಗಿದರೆ ಬಿರುಕು ಬಿಡುತ್ತದೆ. ನೀರು ಮೊದಲು ಆ ಬಿರುಕಿಗೆ ಓಡುತ್ತದೆ. ಆಮೇಲೆ ಮಣ್ಣು ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ, ಉಳಿದ ನೀರು ಸುಮ್ನೆ ರಸ್ತೆಪಾಲು. ಹಾಗಾಗಿ ಬೆಳಿಗ್ಗೆ ಸ್ವಲ್ಪ ಬಿಟ್ಟು, ಅರ್ಧ ಗಂಟೆ ನಿಲ್ಲಿಸಿ, ಮತ್ತೆ ಬಿಡತೊಡಗಿದೆ. ಅದೂ ದಿನಾ ಅಲ್ಲ. ಎಲೆ ಸುರುಳಿಯಾದಾಗ, ತುಳಿದ ಹೆಜ್ಜೆ ಗುರುತು ಹಾಗೇ ಉಳಿದಾಗ ಮಾತ್ರ. ಚದರ ಮೀಟರ್‌ಗೆ 25 ಲೀಟರ್ ಅಂದರೆ 25 ಮಿ.ಮೀ. ಮಳೆಯ ಲೆಕ್ಕ. ಮುಳ್ಳುಗೋಲಿನಿಂದ ಚುಚ್ಚಿ, ಜರಡಿ ಹಿಡಿದ ಕಾಂಪೋಸ್ಟ್ ತುಂಬಿದ ಮೇಲೆ ನೀರು ಇಳಿಯುವುದೂ ಸಲೀಸಾಯಿತು.

ತಂಪು ದೇಶದವರೂ ಬರಗಾಲಕ್ಕೆ ಇದನ್ನೇ ಹೇಳುತ್ತಾರೆ: ಅಪರೂಪಕ್ಕೆ ಹಾಕಿ, ಆಳಕ್ಕೆ ಹಾಕಿ. ಆದರೆ ಅವರ ಫೆಸ್ಕ್ಯೂ, ಬ್ಲೂಗ್ರಾಸ್ ಬೀಜ ತರಿಸಬೇಡಿ. ಅವು 15ರಿಂದ 24 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುವ ಹುಲ್ಲು. ನಮ್ಮ ಮೇ ತಿಂಗಳು 40 ದಾಟುತ್ತದೆ ಅಲ್ವಾ? ನನಗಂತೂ ಗರಿಕೆಯೇ ಸೈ. ಕಂದು ಬಣ್ಣಕ್ಕೆ ತಿರುಗಿದರೂ ಮಳೆ ಬಿದ್ದಾಗ ಗೆಣ್ಣಿನಿಂದ ಮತ್ತೆ ಚಿಗುರುತ್ತದೆ. ಬೇಸಿಗೆಯಲ್ಲಿ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸುವುದಿಲ್ಲ.

ಬೇವಿನ ನೆರಳಲ್ಲಿ ಮಾತ್ರ ಗರಿಕೆ ಹಿಡಿಯಲಿಲ್ಲ, ಅದಕ್ಕೆ ಬಿಸಿಲು ಬೇಕೇ ಬೇಕು. ಅಲ್ಲಿ ಶಹಾಬಾದ್ ಕಲ್ಲು ಹಾಸಿ ಕುರ್ಚಿ ಹಾಕಿಬಿಟ್ಟೆವು.