11 ಸಾವಿರ ಕಿಲೋಮೀಟರಿನ ಬೈಕು ಬಿಟ್ಟು 34 ಸಾವಿರದ್ದನ್ನು ಕೊಂಡ ಬಗೆ

2024ರ ಮಳೆಗಾಲ ಮುಗಿದ ಮೇಲೆ ನಾನು ನನ್ನ ಮೊದಲ ಬೈಕನ್ನು ಕೊಂಡೆ. ಲೈಸೆನ್ಸ್ ಕೈಗೆ ಬಂದು ಆಗ ನಾಲ್ಕು ತಿಂಗಳಾಗಿತ್ತು. ಭಾವನ ಬೈಕಿನಲ್ಲಿ ಊರೊಳಗೆ ಓಡಾಡಿದ್ದಷ್ಟೇ ನನ್ನ ಅನುಭವ. ಮನೆ ಶಿರಸಿಯಲ್ಲಿ, ಕೆಲಸ ಕಾರವಾರದಲ್ಲಿ. ವಾರಕ್ಕೊಮ್ಮೆ ದೇವಿಮನೆ ಘಟ್ಟ ಇಳಿದು ಹತ್ತುವುದು ತಪ್ಪುವುದಿಲ್ಲ. ಹೊಸ ಬೈಕಿಗೆ ಹಣವಿರಲಿಲ್ಲ, ಜೊತೆಗೆ ಕಲಿಯುವವನು ಒಂದೆರಡು ಸಲ ಬೀಳಿಸುವುದು ನಿಶ್ಚಿತ ಎಂಬ ಲೆಕ್ಕವೂ ಇತ್ತು. ಹಾಗಾಗಿ ಸೆಕೆಂಡ್ ಹ್ಯಾಂಡ್ ಎಂದು ಮೊದಲೇ ತೀರ್ಮಾನಿಸಿದ್ದೆ. ಮಳೆಯಲ್ಲಿ ಘಟ್ಟ ಇಳಿಯಬೇಕಾದ್ದರಿಂದ, ಜೋರಾಗಿ ಬ್ರೇಕ್ ಹಿಡಿದಾಗ ಗಾಲಿ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಇರಲೇಬೇಕು ಎಂಬುದೊಂದೇ ನನ್ನ ಹಟ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆಲ್ಲ ಅದು ಕಡ್ಡಾಯವಾಗಿರುವುದರಿಂದ, ಆ ವರ್ಷದ ನಡುವಿನಿಂದ ಈಚಿನ 150 ಸಿಸಿ ಗಾಡಿಗಳನ್ನು ಮಾತ್ರ ಹುಡುಕಿದೆ.

ಮೊದಲು ಕಣ್ಣಿಗೆ ಬಿದ್ದದ್ದು ಗೋವಾ ನೋಂದಣಿಯ ಒಂದು ಬೈಕು. ಬೆಲೆ ಕಡಿಮೆಯಿತ್ತು. ಆದರೆ ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆಯಿಲ್ಲ ಎಂಬ ಪತ್ರ) ತಂದು, ಇಲ್ಲಿ ತೆರಿಗೆ ಕಟ್ಟಿ, ಮರುನೋಂದಣಿ ಮಾಡಿಸುವ ಹೊತ್ತಿಗೆ ಆ ಉಳಿತಾಯವೆಲ್ಲ ಕರಗುತ್ತದೆ ಎಂದು ತಿಳಿದು ಅದನ್ನು ನೋಡಲೂ ಹೋಗಲಿಲ್ಲ.

ಉಳಿದವು ಎರಡು. ಎರಡೂ ಒಂದೇ ಮಾದರಿಯವು, ಒಂದೇ ವರ್ಷದವು. ಕಾರವಾರದ ಕೋಡಿಬಾಗದಲ್ಲಿದ್ದ ಕೆಎ-30 ಗಾಡಿಯ ಮೀಟರು 11 ಸಾವಿರ ತೋರಿಸುತ್ತಿತ್ತು. ಶಿರಸಿ ಬಳಿಯ ಹಳ್ಳಿಯೊಂದರಲ್ಲಿದ್ದ ಕೆಎ-31 ಗಾಡಿಯದು 34 ಸಾವಿರ ದಾಟಿತ್ತು. ನನ್ನೊಬ್ಬನ ಕೈಗೆ ಬಿಟ್ಟಿದ್ದರೆ ಕಾರವಾರದ್ದಕ್ಕೆ ಅಂದೇ ಮುಂಗಡ ಕೊಟ್ಟು ಬರುತ್ತಿದ್ದೆ. ಬಣ್ಣ ಹೊಳೆಯುತ್ತಿತ್ತು, ಸೀಟಿನ ಮೇಲೆ ಒಂದು ಗೀರೂ ಇರಲಿಲ್ಲ. ಪುಣ್ಯಕ್ಕೆ ಶಿರಸಿಯಲ್ಲಿ ಗ್ಯಾರೇಜು ನಡೆಸುವ, ಚಿಕ್ಕಂದಿನಿಂದ ನನ್ನನ್ನು ಬಲ್ಲ ಮೆಕ್ಯಾನಿಕ್ ಅಣ್ಣನನ್ನು ಕರೆದುಕೊಂಡು ಹೋಗಿದ್ದೆ.

ಅವರು ಬಣ್ಣವನ್ನು ನೋಡಲೇ ಇಲ್ಲ. ಮೊಬೈಲಿನ ಟಾರ್ಚ್ ಹಚ್ಚಿಕೊಂಡು ನೆಲಕ್ಕೆ ಕೂತು, ಬೈಕಿನ ಹೊಟ್ಟೆಯನ್ನು ನೋಡತೊಡಗಿದರು. ಹಿಂದಿನ ಗಾಲಿಯನ್ನು ಹಿಡಿದಿರುವ ಸ್ವಿಂಗ್ ಆರ್ಮ್‌ನ ಕೆಳಮೈಯನ್ನು ಕೀಲಿಕೈಯ ತುದಿಯಿಂದ ಕೆರೆದಾಗ ಪೇಂಟಿನ ಜೊತೆಗೆ ತುಕ್ಕಿನ ಹಕ್ಕಳೆಯೂ ಉದುರಿತು. ಹಿಂದಿನ ಹಿಡಿಕೆಯ ಕಪ್ಪು ಬಣ್ಣ ಎರಡೂ ಬದಿ ಒಂದೇ ಜಾಗದಲ್ಲಿ ಹಗ್ಗ ಉಜ್ಜಿದಂತೆ ಸವೆದಿತ್ತು. ಕೇಳಿದಾಗ, ಕೆಲವು ಕಾಲ ಬೈತಖೋಲ್ ಬಂದರಿನಿಂದ ಮೀನಿನ ಬುಟ್ಟಿ ಕಟ್ಟಿಕೊಂಡು ಬರುತ್ತಿದ್ದುದನ್ನು ಮಾಲೀಕರು ಒಪ್ಪಿಕೊಂಡರು. ಮಂಜುಗಡ್ಡೆ ಕರಗಿದ ಉಪ್ಪು ನೀರು ದಿನಾ ಚೈನಿನ ಮೇಲೆ, ಫ್ರೇಮಿನ ಮೇಲೆ ತೊಟ್ಟಿಕ್ಕಿದರೆ ಕಿಲೋಮೀಟರು ಎಷ್ಟು ಕಡಿಮೆಯಿದ್ದರೇನು?

ನನಗೆ ಹೆಚ್ಚು ಕಲಿಸಿದ್ದು ಮುಂದಿನ ಫೋರ್ಕು, ಅಂದರೆ ಮುಂದಿನ ಗಾಲಿಯನ್ನು ಹಿಡಿದಿರುವ ಜೋಡಿ ಕೊಳವೆ. ಒಳಗಿನ ಹೊಳೆಯುವ ಕೊಳವೆಯ ಮೇಲೆ ನನ್ನ ಉಗುರನ್ನು ಮೇಲಿಂದ ಕೆಳಕ್ಕೆ ಎಳೆಯಲು ಹೇಳಿದರು. ಮೂರು ಕಡೆ ಉಗುರು ತಡೆಯಿತು. ಸಾಸಿವೆಗಿಂತ ಚಿಕ್ಕ ಗುಳಿಗಳು. ಕ್ರೋಮ್ ಲೇಪನ ಉಪ್ಪುಗಾಳಿಗೆ ಹೀಗೆ ಗುಳಿ ಬಿದ್ದರೆ, ಫೋರ್ಕು ಮೇಲೆ ಕೆಳಗೆ ಆಡಿದಂತೆಲ್ಲ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲಿನ ರಬ್ಬರನ್ನು ಅದು ಹರಿದುಹಾಕುತ್ತದೆ. ಹೊಸ ಸೀಲು ಹಾಕಿದರೂ ಕೆಲವೇ ತಿಂಗಳಲ್ಲಿ ಎಣ್ಣೆ ಸೋರುತ್ತದೆ, ಕೊನೆಗೆ ಕೊಳವೆಯನ್ನೇ ಬದಲಿಸಬೇಕಾಗುತ್ತದೆ. ಟೈರಿನ ಪಕ್ಕದಲ್ಲಿ 2319 ಎಂದು ಅಚ್ಚಾಗಿತ್ತು, ಅಂದರೆ 2019ರ 23ನೇ ವಾರದ ತಯಾರಿಕೆ. ಟೈರಿನ ಮೈಮೇಲಿನ ತೋಡುಗಳು ಆಳವಾಗಿಯೇ ಇದ್ದರೂ ರಬ್ಬರು ಗಟ್ಟಿಯಾಗಿ, ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಮೂಡಿದ್ದವು. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆದು ಟಾರ್ಚ್ ಹಿಡಿದರೆ ಒಳಗೂ ಕೆಂಪು. "ತಮಾ, ಇದರ ಬೋಲ್ಟ್ ಬಿಚ್ಚೂಕೆ ಹೋದ್ರೆ ಅರ್ಧದ ತಲೆ ತುಂಡಾಗ್ತದೆ," ಎಂದು ಅಣ್ಣ ಮೆಲ್ಲಗೆ ಹೇಳಿದರು. ಮಾಲೀಕರು ಕೊಟ್ಟ ಚಹಾ ಕುಡಿದು ಹೊರಟೆವು.

ಶಿರಸಿಯ ಬೈಕನ್ನು ನೋಡಲು ಬೆಳಿಗ್ಗೆ ಏಳಕ್ಕೇ ಹೋದೆವು. ನಾವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ, ತೊಳೆಯಲೂ ಬೇಡಿ ಎಂದು ಹಿಂದಿನ ದಿನವೇ ಫೋನಿನಲ್ಲಿ ಕೇಳಿಕೊಂಡಿದ್ದೆ. ಎಂಜಿನ್ ಮುಟ್ಟಿ ನೋಡಿದೆ, ತಣ್ಣಗಿತ್ತು. ಬಿಸಿ ಎಂಜಿನ್ ಬಹಳ ದೋಷಗಳನ್ನು ಮುಚ್ಚಿಡುತ್ತದೆ. ತಣ್ಣಗಿದ್ದಾಗ ಹೊಡೆದ ಮೊದಲ ಕಿಕ್ಕಿನಲ್ಲೇ ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ ಎಂದರ್ಥ. ಇಲ್ಲಿ ಎರಡನೇ ಕಿಕ್ಕಿಗೆ ಸ್ಟಾರ್ಟ್ ಆಯಿತು, ಹೊಗೆ ಕಾಣಲಿಲ್ಲ. ತೋಟದ ಕೆಂಪು ಮಣ್ಣು ಎಲ್ಲೆಲ್ಲೂ ಮೆತ್ತಿತ್ತು, ಒಂದು ಇಂಡಿಕೇಟರ್ ಒಡೆದಿತ್ತು, ಎಡಗಡೆಯ ಫುಟ್‌ರೆಸ್ಟಿನ ತುದಿ ಉಜ್ಜಿಹೋಗಿತ್ತು. ನಿಂತಲ್ಲೇ ಬಿದ್ದದ್ದೋ ದೊಡ್ಡ ಅಪಘಾತವೋ ಎಂದು ತಿಳಿಯಲು ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಅದು ಇನ್ನೂ ತಿರುಗದಂತೆ ತಡೆಯುವ ಲೋಹದ ಉಬ್ಬುಗಳನ್ನು ನೋಡಿದೆವು. ಮುಂದಿನಿಂದ ಜೋರಾಗಿ ಹೊಡೆತ ಬಿದ್ದಿದ್ದರೆ ಅವು ಜಜ್ಜಿರುತ್ತವೆ ಇಲ್ಲವೇ ಹೊಸದಾಗಿ ವೆಲ್ಡ್ ಆಗಿರುತ್ತವೆ. ಇಲ್ಲಿ ಕಾರ್ಖಾನೆಯ ಬಣ್ಣವೇ ಇತ್ತು. ಅಲ್ಲೇ ಕೊರೆದಿದ್ದ ಚಾಸಿಸ್ ನಂಬರನ್ನು ಆರ್‌ಸಿಯೊಂದಿಗೆ ಅಂಕೆ ಅಂಕೆಯಾಗಿ ತಾಳೆ ನೋಡಿದೆ.

ದೋಷಗಳಿರಲಿಲ್ಲ ಎಂದಲ್ಲ. ಚೈನು ಸುತ್ತುವ ಹಿಂದಿನ ಹಲ್ಲುಚಕ್ರದ, ಅಂದರೆ ಸ್ಪ್ರಾಕೆಟಿನ, ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದವು. ಏರಿನಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ತಿರುವಿದರೆ ಎಂಜಿನ್ನಿನ ಸದ್ದು ಏರುತ್ತಿತ್ತೇ ಹೊರತು ವೇಗ ಏರುತ್ತಿರಲಿಲ್ಲ. ಕ್ಲಚ್ ಪ್ಲೇಟು ಮುಗಿದಿದೆ ಎಂದು ಓಡಿಸಿ ಬಂದ ಅಣ್ಣ ಹೇಳಿದರು. ಡಬಲ್ ಸ್ಟ್ಯಾಂಡ್ ಹಾಕಿ ಹಿಂಬದಿಯನ್ನು ಒತ್ತಿ, ಮೇಲೆದ್ದ ಮುಂಗಾಲಿಯನ್ನು ಎರಡು ಬೆರಳಿನಲ್ಲಿ ಎಡಕ್ಕೂ ಬಲಕ್ಕೂ ತಿರುಗಿಸಿದಾಗ ಹ್ಯಾಂಡಲು ನೇರವಾದ ಜಾಗದಲ್ಲಿ ಸಣ್ಣಗೆ ಕಚ್ಚಿಕೊಂಡಂತಾಯಿತು, ಅಂದರೆ ಹ್ಯಾಂಡಲು ಸಲೀಸಾಗಿ ತಿರುಗಲು ಇರುವ ಬೇರಿಂಗು, ಕೋನ್ ಸೆಟ್ಟೂ ಸವೆಯತೊಡಗಿತ್ತು. ಆದರೆ ಇವೆಲ್ಲ ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ವಸ್ತುಗಳು. ಫೋರ್ಕಿನ ಕೊಳವೆ ಉಗುರಿಗೆ ನುಣ್ಣಗೆ ಸಿಕ್ಕಿತು, ಟ್ಯಾಂಕಿನ ಒಳಗೆ ಬೆಳ್ಳಗಿತ್ತು. ಕೀಲಿ ತಿರುವಿದಾಗ ಹತ್ತಿದ ಎಬಿಎಸ್ ದೀಪ ಗಾಡಿ ಹೊರಟ ಕೂಡಲೇ ಆರಿತು. ದೀಪ ಹತ್ತುವುದೇ ಇಲ್ಲವೆಂದರೆ ದೋಷವನ್ನು ಮರೆಮಾಡಲು ಯಾರೋ ಅದನ್ನೇ ಕಿತ್ತಿರಬಹುದು. ಕೊನೆಗೆ ನಾನೂ ಒಂದು ಸುತ್ತು ಓಡಿಸಿದೆ. ಕಲಿಯುವವನಿಗೆ ಓಡಿಸಿ ತಿಳಿಯುವುದು ಕಡಿಮೆ. ಎರಡೂ ಕಾಲು ನೆಲಕ್ಕೆ ಪೂರ್ತಿ ಊರುತ್ತವೆಯೇ, ಇಳಿಜಾರಿನಲ್ಲಿ ನಿಂತ ಗಾಡಿಯನ್ನು ಹಿಂದಕ್ಕೆ ತಳ್ಳಲಾಗುತ್ತದೆಯೇ ಎಂಬುದನ್ನಷ್ಟೇ ನೋಡಿಕೊಂಡೆ.

58 ಸಾವಿರ ಹೇಳಿದ್ದರು. ಬದಲಿಸಬೇಕಾದ್ದನ್ನು ಚೀಟಿಯಲ್ಲಿ ಬರೆದು ತೋರಿಸಿದೆವು, 50 ಸಾವಿರಕ್ಕೆ ಮುಗಿಯಿತು.

ನಾನು ಎಡವಿದ್ದು ಕಾಗದದಲ್ಲಿ. ಹೆಸರು ವರ್ಗಾವಣೆಯ ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡು, ವಿಮೆಯ ಪ್ರತಿ ಪಡೆದು, ಎಲ್ಲ ಮುಗಿಯಿತೆಂದುಕೊಂಡಿದ್ದೆ. ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರು ಇನ್ನೂ ಉಳಿದಿದ್ದುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಸಾಲ ಎಂದೋ ತೀರಿತ್ತು, ಆದರೆ ಸಾಲ ಕೊಟ್ಟವರ ಎನ್‌ಒಸಿ ಮತ್ತು ಫಾರ್ಮ್ 35 ಸಲ್ಲಿಸಿ ಆ ನಮೂದನ್ನು ತೆಗೆಸದೆ ಹೆಸರು ವರ್ಗಾವಣೆ ಮುಂದೆ ಹೋಗಲಿಲ್ಲ. ಮಾಲೀಕರು ಸಜ್ಜನರು, ನನ್ನ ಜೊತೆ ಎರಡು ಸಲ ಓಡಾಡಿದರು. ಮೂರು ವಾರ ಹಿಡಿಯಿತು. ಪೂರ್ತಿ ಹಣವನ್ನು ಮೊದಲೇ ಕೊಟ್ಟುಬಿಟ್ಟಿದ್ದರಿಂದ ಅಷ್ಟೂ ದಿನ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಚೈನ್ ಸ್ಪ್ರಾಕೆಟ್, ಕ್ಲಚ್ ಪ್ಲೇಟು ಮತ್ತು ಮುಂದಿನ ಬ್ರೇಕ್ ಪ್ಯಾಡನ್ನು ಆ ವಾರವೇ ಹಾಕಿಸಿದೆ. ಕೋನ್ ಸೆಟ್ಟನ್ನು ಮಾತ್ರ ಮುಂದೂಡುತ್ತ ಬಂದು, ಮರುವರ್ಷ ಮಳೆ ಹಿಡಿಯುವ ಮೊದಲು ಬದಲಿಸಿದೆ. ಈಗ ಕಾರವಾರದ ಉಪ್ಪುಗಾಳಿಯಲ್ಲಿ ರಾತ್ರಿ ನಿಲ್ಲುವ ಬೈಕು ನನ್ನದೇ ಆದ್ದರಿಂದ ಪ್ರತಿ ಶನಿವಾರ ಸಿಹಿನೀರಿನಲ್ಲಿ ಅಡಿಭಾಗವನ್ನು ತೊಳೆದು, ಒಣಗಿದ ಮೇಲೆ ಚೈನಿಗೆ ಎಣ್ಣೆ ಬಿಟ್ಟು, ಫೋರ್ಕಿನ ಕೊಳವೆಯನ್ನು ಎಣ್ಣೆ ಬಟ್ಟೆಯಿಂದ ಒರೆಸುತ್ತೇನೆ.